ಫೈಲ್ ಬೇರೆ, ಫೀಸ್ ಬೇರೆ: ನಮ್ಮತ್ತೆ ಪಾಲಿನ ಕೇಸಲ್ಲಿ ಹಳೇ ವಕೀಲ್ರ ಜೊತೆ ಆದ ಲೆಕ್ಕದ ತಕರಾರು

ನಮ್ಮತ್ತೆ, ಅಂದ್ರೆ ನನ್ನ ಹೆಂಡತಿ ತಾಯಿ, 2018ರ ಆಗಸ್ಟಲ್ಲಿ ತಮ್ಮ ಅಣ್ಣ ಮತ್ತೆ ತಮ್ಮನ ಮೇಲೆ ಪಾಲಿಗೆ ದಾವೆ ಹಾಕಿದ್ರು. ತುಮಕೂರು ಜಿಲ್ಲೆ, ತಾಲ್ಲೂಕು ಯಾವುದು ಅಂತ ಬರೆಯಲ್ಲ, ಬರೆದ್ರೆ ವಕೀಲ್ರು ಯಾರು ಅಂತ ಅಲ್ಲಿಯವರಿಗೆ ಗೊತ್ತಾಗ್ಬಿಡತ್ತೆ, ಅವ್ರ ಹೆಸರು ಹಾಳು ಮಾಡೋದಕ್ಕೆ ನಾನಿದನ್ನ ಬರೀತಿಲ್ಲ. ನಾಲ್ಕೆಕರೆ ಇಪ್ಪತ್ತು ಗುಂಟೆ ಖುಷ್ಕಿ ಹೊಲ, ಊರೊಳಗೆ ಒಂದು ಹೆಂಚಿನ ಮನೆ, ಮೂರು ಜನ ಮಕ್ಕಳು, ಲೆಕ್ಕಕ್ಕೆ ಒಬ್ಬೊಬ್ರಿಗೆ ಒಂದೂವರೆ ಎಕರೆ ಬರಬೇಕು. ಹೆಣ್ಣುಮಗಳಿಗೆ ಎಲ್ಲಿ ಪಾಲು ಅಂತ ಮಾವಂದಿರು ತಕರಾರು ತೆಗೆದ್ರು, ಅವರಪ್ಪ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಗೆ ಮುಂಚೆನೇ ತೀರ್ಕೊಂಡಿದ್ರು ಅನ್ನೋದು ಅವ್ರ ದೊಡ್ಡ ವಾದ, ಆಮೇಲೆ 2020ರ ಆಗಸ್ಟ್ 11ಕ್ಕೆ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿಂದ ಬರೋದು, ಅಪ್ಪ ಆ ದಿನಕ್ಕೆ ಬದುಕಿರಲೇಬೇಕು ಅಂತಿಲ್ಲ ಅಂದ್ಮೇಲೆ ಆ ವಾದ ಬಿದ್ದೋಯ್ತು. 2023ರ ಫೆಬ್ರವರಿಯಲ್ಲಿ ಪ್ರಾಥಮಿಕ ಡಿಕ್ರಿ ಆಯ್ತು, ಮೂರನೇ ಒಂದು ಪಾಲು ಅಂತ.

ಇಲ್ಲೀವರೆಗೆ ಆ ವಕೀಲ್ರು ಚೆನ್ನಾಗೇ ಕೆಲಸ ಮಾಡಿದ್ರು, ಇದನ್ನ ಮೊದ್ಲೇ ಹೇಳ್ಬಿಡ್ತೀನಿ. ದೊಡ್ಡ ಮಾವನ್ನ ಪಾಟೀಸವಾಲು ಮಾಡಿದ ದಿನ ನಾನೂ ಕೋರ್ಟ್ ಹಾಲಲ್ಲಿ ಕೂತಿದ್ದೆ, ಪಹಣಿ ಯಾವ ವರ್ಷದಿಂದ ಯಾರ ಹೆಸರಿಗೆ ಬಂತು ಅಂತ ಒಂದೊಂದೇ ಬಾಯಿಬಿಡಿಸಿದ್ರು. ಜಗಳ ಆದ್ಮೇಲೆ ಅವ್ರು ಏನೂ ಮಾಡ್ಲಿಲ್ಲ ಅಂತ ಹೇಳ್ಕೊಂಡು ತಿರುಗೋದು ಸುಲಭ, ಆದ್ರೆ ಅದು ಸುಳ್ಳಾಗತ್ತೆ, ಆಮೇಲೆ ಲೆಕ್ಕಕ್ಕೆ ಕೂತಾಗ ಆ ಸುಳ್ಳೇ ನಮ್ಮ ಕಾಲಿಗೆ ತೊಡರತ್ತೆ.

ತೊಂದ್ರೆ ಶುರುವಾಗಿದ್ದು ಅಂತಿಮ ಡಿಕ್ರಿ ಅರ್ಜಿಯಲ್ಲಿ, ಕೋರ್ಟಲ್ಲಿ ಎಲ್ರೂ ಎಫ್‌ಡಿಪಿ ಅಂತಾರೆ. ಪ್ರಾಥಮಿಕ ಡಿಕ್ರಿ ಬರೀ ಎಷ್ಟು ಪಾಲು ಅಂತ ಹೇಳತ್ತೆ, ಹೊಲದಲ್ಲಿ ಎಲ್ಲಿಂದ ಎಲ್ಲಿವರೆಗೆ ನಿಂದು ಅಂತ ಹೇಳಬೇಕಾದ್ರೆ ಇದು ನಡೀಬೇಕು. 2023ರ ಜುಲೈಯಲ್ಲಿ ಹಾಕಿದ್ರು, ಎರಡು ವಾಯಿದೆ ಬಂದ್ರು, ಆಮೇಲೆ ಬರೋದು ನಿಂತೋಯ್ತು. ಫೋನ್ ಮಾಡಿದ್ರೆ ‘ನಡೀತಿದೆ ಅಮ್ಮ, ಸರ್ವೇಯರ್‌ಗೆ ಬರೀಬೇಕು’ ಅಂತಿದ್ರಂತೆ. ಅತ್ತೆ ನಂಬ್ಕೊಂಡು ಕೂತಿದ್ರು. 2024ರ ಜುಲೈಯಲ್ಲಿ ಒಂದಿನ ಊಟ ಆದ್ಮೇಲೆ ನಾನು ಸುಮ್ನೆ ಇ-ಕೋರ್ಟ್ಸ್ ಆ್ಯಪಲ್ಲಿ ಸಿಎನ್‌ಆರ್ ನಂಬರ್ ಹಾಕಿ ನೋಡಿದೆ, ಹದಿನಾರು ಅಕ್ಷರ ಅಂಕಿ ಇರತ್ತೆ, ಅದೊಂದು ಗೊತ್ತಿದ್ರೆ ಯಾರು ಬೇಕಾದ್ರೂ ಕೇಸ್ ಎಲ್ಲಿದೆ ಅಂತ ನೋಡಬಹುದು. ಸಾಲಾಗಿ ಐದು ವಾಯಿದೆ ಅರ್ಜಿದಾರರ ಪರ ವಕೀಲರು ಗೈರು, ಕೊನೇದ್ರಲ್ಲಿ ‘ಅಂತಿಮ ಅವಕಾಶ’ ಅಂತ ಬರೆದಿತ್ತು. ನಂಗೆ ಕೈಕಾಲು ತಣ್ಣಗಾಯ್ತು. ಮುಂದಿನ ವಾಯಿದೆಗೆ ಇನ್ನು ಇಪ್ಪತ್ತಾರು ದಿನ ಇತ್ತು.

ಮಾರನೇ ದಿನನೇ ಅತ್ತೆನ ಕರ್ಕೊಂಡು ಅವ್ರ ಆಫೀಸಿಗೆ ಹೋದೆ. ಜಗಳಕ್ಕಲ್ಲ, ಬರ್ತೀರಾ ಇಲ್ವಾ ಅಂತ ಕೇಳೋದಕ್ಕೆ. ಅವ್ರು ಸೀದಾ ಹೇಳಿದ್ರು, ‘ನಿಮ್ಮ ಕಡೆಯಿಂದ ಬ್ಯಾಲೆನ್ಸ್ ಇದೆಯಲ್ಲಮ್ಮ, ಅದು ಬರ್ದೇ ನಾನು ಹೆಂಗೆ ಮುಂದುವರೀಲಿ’ ಅಂತ. ಎಷ್ಟು ಅಂದ್ರೆ ಒಂದು ಎಂಬತ್ತು. ಒಂದು ಲಕ್ಷ ಎಂಬತ್ತು ಸಾವಿರ. ಅತ್ತೆ ಸೆರಗು ಹಿಡ್ಕೊಂಡು ಅಲ್ಲೇ ನಿಂತಿದ್ರು, ಮಾತೇ ಬರ್ಲಿಲ್ಲ ಅವ್ರಿಗೆ. ಹಂಗಾದ್ರೆ ಬೇರೆಯವ್ರನ್ನ ಇಟ್ಕೋತೀವಿ ಸಾರ್ ಅಂದೆ. ‘ಇಟ್ಕೊಳ್ಳಿ, ಒಂದು ಎಂಬತ್ತು ಕೊಟ್ಟು ಫೈಲ್ ತಗೊಂಡು ಹೋಗಿ, ಎನ್‌ಓಸಿ ಆವತ್ತೇ ಸಹಿ ಹಾಕಿ ಕೊಡ್ತೀನಿ’ ಅಂದ್ರು. ಎನ್‌ಓಸಿ ಅಂದ್ರೆ ಬೇರೆ ವಕೀಲ್ರು ಬರೋದಕ್ಕೆ ನನ್ನ ತಕರಾರಿಲ್ಲ ಅಂತ ಹಳೇ ವಕೀಲ್ರು ಬರೆದುಕೊಡೋ ಒಪ್ಪಿಗೆ. ಜೊತೆಗೆ ಇನ್ನೊಂದು ಮಾತು ಹೇಳಿದ್ರು, ಹೈವೇ ಪಕ್ಕದ ಜಮೀನು, ಬಂದಿದ್ರಲ್ಲಿ ಹತ್ತು ಪರ್ಸೆಂಟ್ ಅಂತ ಮೊದ್ಲೇ ಮಾತಾಗಿತ್ತು, ನಾನು ಕಮ್ಮಿನೇ ಕೇಳ್ತಿದೀನಿ ಅಂತ.

ನಾವು ಮಾಡಿದ ಮೊದಲನೇ ತಪ್ಪು ಏನಂದ್ರೆ ಆ ಒಂದು ಎಂಬತ್ತರ ಮೇಲೆನೇ ಚೌಕಾಸಿಗೆ ಇಳಿದಿದ್ದು. ಎಂಟು ಹತ್ತು ದಿನ ಅದ್ರಲ್ಲೇ ಹೋಯ್ತು. ನಮ್ಮ ಭಾವ ಫೋನ್ ಮಾಡಿ ಎಂಬತ್ತಕ್ಕೆ ಮುಗಿಸ್ಕೊಳ್ಳಿ ಅಂದ್ರು, ವಕೀಲ್ರು ಒಂದೂವರೆ ಲಕ್ಷಕ್ಕೆ ಬಂದ್ರು, ಈ ಕಡೆ ವಾಯಿದೆ ಹತ್ರ ಬರ್ತಿದೆ. ರಾತ್ರಿ ಕೂತು ಯೋಚನೆ ಮಾಡಿದಾಗ ಹೊಳೀತು, ಅವ್ರ ಕೈಲಿ ಫೈಲ್ ಇದೆ, ನಮ್ಮ ತಲೆ ಮೇಲೆ ತಾರೀಕು ತೂಗ್ತಿದೆ, ಈ ಎರಡನ್ನೂ ಒಂದೇ ಗಂಟು ಹಾಕ್ಕೊಂಡಿರೋವರೆಗೂ ಅವ್ರು ಹೇಳಿದ್ದೇ ರೇಟು. ಗಂಟು ಬಿಚ್ಚಬೇಕು. ಮೊದ್ಲು ಕೇಸು, ಆಮೇಲೆ ಫೈಲು, ಆಮೇಲೆ ಚೆಕ್ಕು, ಕೊನೆಗೆ ದುಡ್ಡಿನ ಲೆಕ್ಕ.

ಫೀಸ್ ಬಾಕಿ ಇದೆ ಅಂತ ಫೈಲ್ ಹಿಡ್ಕೊಳ್ಳೋ ಹಕ್ಕು ವಕೀಲರಿಗೆ ಇಲ್ಲ, ಇದು ಸುಪ್ರೀಂ ಕೋರ್ಟು 2000ನೇ ಇಸವಿಯಲ್ಲೇ ತೀರ್ಮಾನ ಮಾಡಿದ ವಿಷಯ. ಆರ್.ಡಿ. ಸಕ್ಸೇನಾ ವಿರುದ್ಧ ಬಲರಾಮ್ ಪ್ರಸಾದ್ ಶರ್ಮಾ ಅಂತ ಕೇಸು. ಭೋಪಾಲಿನ ಒಂದು ಸಹಕಾರಿ ಬ್ಯಾಂಕಿಗೆ ವಕೀಲರಾಗಿದ್ದವ್ರನ್ನ ಬ್ಯಾಂಕು ಬಿಡಿಸಿ ಫೈಲ್ ವಾಪಸ್ ಕೇಳ್ತು, ಅವ್ರು 97,100 ರೂಪಾಯಿ ಬಾಕಿ ಕೊಟ್ರೆ ಫೈಲ್ ಅಂದ್ರು. ಕಾಂಟ್ರ್ಯಾಕ್ಟ್ ಕಾಯ್ದೆಯ 171ನೇ ಸೆಕ್ಷನ್ನಲ್ಲಿ ಬ್ಯಾಂಕಿನವ್ರು, ಹೈಕೋರ್ಟ್ ಅಟಾರ್ನಿಗಳು ಇಂಥವ್ರಿಗೆ ಬಾಕಿಗಾಗಿ ಸರಕು ತಡೆಹಿಡಿಯೋ ಹಕ್ಕಿದೆಯಲ್ಲ, ಅದೇ ನಂಗೂ ಇದೆ ಅನ್ನೋದು ಅವ್ರ ವಾದ. ಕೋರ್ಟು ಒಪ್ಪಲಿಲ್ಲ, ಕೇಸಿನ ಕಾಗದ ಮಾರೋ ಸರಕಲ್ಲ, ಫೈಲ್ ಕೊಡ್ದೇ ಇದ್ರೆ ಕಕ್ಷಿದಾರನ ಕೇಸೇ ಹಾಳಾಗತ್ತೆ, ಬಾಕಿ ಇದ್ರೆ ವಸೂಲಿಗೆ ಕಾನೂನಿನ ಬೇರೆ ದಾರಿ ಇದೆ, ಕೇಳಿದ್ಮೇಲೂ ಫೈಲ್ ಕೊಡದೇ ಇರೋದು ವೃತ್ತಿ ದುರ್ನಡತೆ ಅಂತ ಹೇಳ್ತು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ಅವ್ರಿಗೆ ಹದಿನೆಂಟು ತಿಂಗಳು ಪ್ರಾಕ್ಟೀಸ್ ನಿಲ್ಲಿಸಿತ್ತು, ಕಾನೂನು ಅಷ್ಟು ಸ್ಪಷ್ಟ ಇರಲಿಲ್ಲ ಅಂತ ಕೋರ್ಟು ಅದನ್ನ ಇಳಿಸಿ ಬರೀ ಛೀಮಾರಿಗೆ ತಂತು. ಈ ತೀರ್ಪು ಓದಿದ್ಮೇಲೆ ನಂಗೆ ಧೈರ್ಯ ಬಂತು.

ಆದ್ರೆ ತೀರ್ಪು ಇಟ್ಕೊಂಡು ಹೋದ ತಕ್ಷಣ ಹೊಸ ವಕೀಲ್ರು ಸಿಗಲ್ಲ. ಅದೇ ಕೋರ್ಟಿನ ಮೂರು ಜನ ಹತ್ರ ಹೋದ್ವಿ, ಮೂರೂ ಜನ ಕೇಳಿದ ಮೊದಲ ಪ್ರಶ್ನೆ ಒಂದೇ, ‘ಎನ್‌ಓಸಿ ತಂದಿದೀರಾ’. ಒಂದೇ ಬಾರ್ ರೂಮಲ್ಲಿ ಕೂತು ಟೀ ಕುಡಿಯೋರು, ಒಬ್ರ ಕಕ್ಷಿದಾರನ್ನ ಇನ್ನೊಬ್ರು ಕೇಳದೇ ತಗೊಂಡ್ರೆ ಅಲ್ಲಿ ಮುಖ ತೋರಿಸೋದು ಕಷ್ಟ, ಅದನ್ನ ನಾನು ಅರ್ಥ ಮಾಡ್ಕೋತೀನಿ. ನಾಲ್ಕನೆಯವ್ರು, ತುಮಕೂರಿನವ್ರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ದಾರಿ ತೋರಿಸಿದ್ರು. ಬಾರ್ ಕೌನ್ಸಿಲ್ ನಿಯಮಗಳಲ್ಲಿ 39ನೇದು ಅಂತ ಇದೆ, ಈಗಾಗ್ಲೇ ಒಬ್ಬ ವಕೀಲ್ರು ವಕಾಲತ್ತು ಹಾಕಿರೋ ಕೇಸಿಗೆ ಅವ್ರ ಒಪ್ಪಿಗೆ ಇಲ್ಲದೇ ಬರಬಾರದು ಅನ್ನೋದು ಅರ್ಧ ನಿಯಮ ಅಷ್ಟೇ, ಒಪ್ಪಿಗೆ ಸಿಗದೇ ಇದ್ರೆ ಯಾಕೆ ಸಿಗ್ಲಿಲ್ಲ ಅಂತ ಬರೆದು ಕೋರ್ಟಿಗೆ ಅರ್ಜಿ ಹಾಕಿ ಅನುಮತಿ ತಗೊಂಡು ಬರಬಹುದು ಅನ್ನೋದು ಉಳಿದರ್ಧ. ಎಲ್ರೂ ಮೊದಲರ್ಧನೇ ಹೇಳ್ತಾರೆ. ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರ 3ನೇ ಆದೇಶದ 4ನೇ ನಿಯಮದಲ್ಲೂ ಅಷ್ಟೇ, ಹಳೇ ವಕಾಲತ್ತು ಕೋರ್ಟಿನ ಅನುಮತಿಯಿಂದ, ಕಕ್ಷಿದಾರನೇ ಬರಹದಲ್ಲಿ ಸಹಿ ಹಾಕಿ ಕೊಟ್ರೆ ಮುಗಿಯತ್ತೆ.

ಮೊದ್ಲು ಅತ್ತೆ ಹೆಸರಲ್ಲಿ ಹಳೇ ವಕೀಲ್ರಿಗೆ ಒಂದು ಪತ್ರ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿದ್ವಿ, ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಸಮೇತ. ಅರ್ಧ ಪುಟ ಅಷ್ಟೇ. ನಿಮ್ಮನ್ನ ಈ ಕೇಸಿಂದ ಬಿಡುಗಡೆ ಮಾಡ್ತಿದೀನಿ, ಫೈಲು ಮತ್ತೆ ನನ್ನ ಕಾಗದಪತ್ರ ಏಳು ದಿನದಲ್ಲಿ ಕೊಡಿ, ಎನ್‌ಓಸಿ ಕೊಡಿ, ಫೀಸಿನ ಲೆಕ್ಕ ಬೇರೆಯಾಗಿ ಕೂತು ಮಾತಾಡೋಣ, ನಿಯಮದ ಪ್ರಕಾರ ನನ್ನಿಂದ ಬಂದ ದುಡ್ಡಿನ ಲೆಕ್ಕದ ಪ್ರತಿ ಕೊಡಿ. ಬೈಗುಳ ಇಲ್ಲ, ಐದು ವಾಯಿದೆ ಗೈರಾದ ವಿಷಯ ತಾರೀಕುಗಳ ಸಮೇತ ಒಂದು ಸಾಲು. ಭಾವ ಇನ್ನೂ ಖಾರವಾಗಿ ಬರೀಬೇಕಿತ್ತು ಅಂದ್ರು, ನಾನು ಒಪ್ಪಲಿಲ್ಲ, ಈ ಪತ್ರ ಮುಂದೆ ಜಡ್ಜ್ ಓದಬಹುದು, ಬಾರ್ ಕೌನ್ಸಿಲ್‌ನವ್ರು ಓದಬಹುದು.

ಏಳು ದಿನ ಆಯ್ತು, ಉತ್ತರ ಇಲ್ಲ, ಕಾರ್ಡ್ ಮಾತ್ರ ಸಹಿ ಆಗಿ ವಾಪಸ್ ಬಂತು. ವಾಯಿದೆ ದಿನ ಹೊಸ ವಕೀಲ್ರು ವಕಾಲತ್ತು, 39ನೇ ನಿಯಮದ ಅರ್ಜಿ, ಪತ್ರದ ನಕಲು, ಆ ಕಾರ್ಡು ಎಲ್ಲ ಸೇರಿಸಿ ಹಾಕಿದ್ರು. ಹಳೇ ವಕೀಲ್ರು ಅವತ್ತು ಬಂದಿದ್ರು, ಎದ್ದು ನಿಂತು ಫೀಸ್ ಬಾಕಿ ಇದೆ ಸ್ವಾಮಿ ಅಂದ್ರು. ಜಡ್ಜು ಕಾರ್ಡ್ ತಿರುಗಿಸಿ ನೋಡಿದ್ರು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ಅನುಮತಿ ಕೊಟ್ರು, ಕೇಸನ್ನ ಮುಂದಿನ ತಿಂಗಳಿಗೆ ಹಾಕಿದ್ರು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷಕ್ಕೋಸ್ಕರ ನಾವು ಒಂದು ಎಂಬತ್ತು ಕೊಡೋದಕ್ಕೆ ಹೊರಟಿದ್ವಿ.

ಫೈಲಿನ ವಿಷಯಕ್ಕೆ ಬರ್ತೀನಿ. ಅತ್ತೆಗೆ ಎಲ್ಲಕ್ಕಿಂತ ದೊಡ್ಡ ಭಯ ಇದ್ದಿದ್ದು ಅವರಪ್ಪನ ಹಳೇ ಕ್ರಯಪತ್ರದ್ದು, ‘ಒರಿಜಿನಲ್ ಅವ್ರ ಹತ್ರನೇ ಸಿಕ್ಕಾಕ್ಕೊಂಡಿದೆ ಅಳಿಯಂದ್ರೇ, ಅದೊಂದು ಹೋದ್ರೆ ನಂದೆಲ್ಲ ಹೋದಂಗೆ’ ಅಂತ ದಿನಾ ಅಂತಿದ್ರು. ಹೊಸ ವಕೀಲ್ರು ನಕಲು ಶಾಖೆಯಲ್ಲಿ ಅರ್ಜಿ ಹಾಕಿ ವಾದಪತ್ರ, ಹೇಳಿಕೆ, ಸಾಕ್ಷಿ, ಆರ್ಡರ್ ಶೀಟು, ತೀರ್ಪು ಎಲ್ಲದ್ರದ್ದೂ ದೃಢೀಕೃತ ನಕಲು ತೆಗೆಸಿದ್ರು, ಅದ್ರಲ್ಲಿ ತೀರ್ಪಿನ ಕೊನೇ ಪುಟ ನೋಡಿದ್ರೆ ಕ್ರಯಪತ್ರ ನಿಶಾನೆ ಪಿ-3 ಅಂತ ಕೋರ್ಟ್ ಕಡತದಲ್ಲೇ ಇದೆ! ವಕೀಲ್ರ ಹತ್ರ ಇರ್ಲೇ ಇಲ್ಲ. ಸಾಕ್ಷ್ಯ ಹೇಳೋವಾಗ ಹಾಜರು ಮಾಡಿದ ಅಸಲು ಕಾಗದ ಕೋರ್ಟಲ್ಲೇ ಉಳಿಯತ್ತೆ, ಕೇಸ್ ಪೂರ್ತಿ ಮುಗಿದ್ಮೇಲೆ ಅರ್ಜಿ ಹಾಕಿ ವಾಪಸ್ ತಗೋಬಹುದು. ಇದು ಗೊತ್ತಿಲ್ಲದೇ ಎಷ್ಟು ಜನ ಹೆದರ್ಕೊಂಡು ಕೇಳಿದಷ್ಟು ಕೊಡ್ತಾರೋ. ನೋಂದಣಿ ಆಗಿರೋ ಪತ್ರ ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ದೃಢೀಕೃತ ನಕಲೂ ಸಿಗತ್ತೆ, ಪಹಣಿ, ಮ್ಯುಟೇಶನ್ ಯಾವಾಗ ಬೇಕಾದ್ರೂ ತೆಗೆಸಬಹುದು. ಹಂಗೆ ಒಂದೊಂದೇ ಟಿಕ್ ಹಾಕ್ತಾ ಬಂದ್ರೆ ಹಳೇ ವಕೀಲ್ರ ಹತ್ರ ಮಾತ್ರ ಇರೋದು ಅಂತ ಉಳಿದಿದ್ದು ಮೂರೇ: ಗ್ರಾಮಲೆಕ್ಕಿಗರು ಕೊಟ್ಟ ಹಳೇ ವಂಶವೃಕ್ಷ, ಅಜ್ಜನ ಕೈಬರಹದ ಒಂದು ಚೀಟಿ, ಮತ್ತೆ ಎರಡು ಚೆಕ್ಕು.

ಚೆಕ್ಕಿನ ವಿಷಯ ಕೇಳಿ ನಂಗೆ ನಿದ್ದೆ ಬರ್ಲಿಲ್ಲ. 2019ರಲ್ಲಿ ಗ್ಯಾರಂಟಿಗೆ ಇರ್ಲಿ ಅಂತ ಎರಡು ಚೆಕ್ಕಿಗೆ ಸಹಿ ಹಾಕಿ ಖಾಲಿ ಕೊಟ್ಟಿದ್ರು ಅತ್ತೆ. ಮಗಳಿಗೂ ಹೇಳಿರಲಿಲ್ಲ. ಖಾಲಿ ಚೆಕ್ಕಾದ್ರೇನು, ಸಹಿ ನಮ್ಮದಾಗಿದ್ರೆ ಸಾಲ ಇತ್ತು ಅಂತಲೇ ಕಾನೂನು ಮೊದ್ಲು ಊಹೆ ಮಾಡ್ಕೊಳತ್ತೆ, ಇಲ್ಲ ಅಂತ ನಾವು ತೋರಿಸಬೇಕು, 2019ರಲ್ಲಿ ಬೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿದೆ. ಬರೀ ಸ್ಟಾಪ್ ಪೇಮೆಂಟ್ ಹಾಕಿದ್ರೆ 138ನೇ ಸೆಕ್ಷನ್ನಿನ ಚೆಕ್ ಬೌನ್ಸ್ ಕೇಸಿಂದ ಪಾರಾದ್ವಿ ಅನ್ನೋ ಹಂಗೂ ಇಲ್ಲ. ನಾವು ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ ಬರೆದುಕೊಟ್ಟು, ಅದೇ ದಿನ ವಕೀಲ್ರಿಗೆ ಇನ್ನೊಂದು ರಿಜಿಸ್ಟರ್ಡ್ ಪತ್ರ ಹಾಕಿದ್ವಿ, ಈ ನಂಬರಿನ ಎರಡು ಚೆಕ್ಕು ಮೊತ್ತ ಬರೀದೇ ಕೊಟ್ಟಿದ್ದು, ಯಾವ ಸಾಲಕ್ಕೂ ಅಲ್ಲ, ವಾಪಸ್ ಕೊಡಿ ಅಂತ. ಚೆಕ್ ಬೌನ್ಸ್ ಆಗಿ ನೋಟಿಸ್ ಬಂದ್ಮೇಲೆ ಹಿಂಗೆ ಹೇಳೋದಕ್ಕೂ ಮುಂಚೆನೇ ಬರೆದು ಕಳಿಸಿರೋದಕ್ಕೂ ಬಹಳ ವ್ಯತ್ಯಾಸ ಇದೆ.

ಹತ್ತು ಪರ್ಸೆಂಟ್ ಮಾತು ಏನಾಯ್ತು ಅಂದ್ರೆ, ಅಂಥ ಮಾತಾಗಿತ್ತೋ ಇಲ್ವೋ ಅಂತ ಅತ್ತೆಗೆ ನೆನಪಿಲ್ಲ, ಅವತ್ತು ಏನೇನೋ ಹೇಳಿದ್ರು ನಾನು ಹೂಂ ಅಂದಿರಬಹುದು ಅಂದ್ರು. ಆದ್ರೆ ಆಗಿದ್ರೂ ಅದು ನಿಲ್ಲಲ್ಲ. ಕೇಸಲ್ಲಿ ಬಂದಿದ್ರಲ್ಲಿ ಪಾಲು ಅಥ್ವಾ ಗೆದ್ರೆ ಇಷ್ಟು ಅಂತ ಫೀಸ್ ಮಾತಾಡೋದು ಬಾರ್ ಕೌನ್ಸಿಲ್ ನಿಯಮ 20ರ ಪ್ರಕಾರ ನಿಷೇಧ. 2017ರ ಡಿಸೆಂಬರಲ್ಲಿ ಬಿ. ಸುನೀತಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಇನ್ನೊಂದ್ಸಲ ಹೇಳ್ತು, ಅದೂ ಚೆಕ್ಕಿನದೇ ಕಥೆ, ಗಂಡ ಅಪಘಾತದಲ್ಲಿ ತೀರ್ಕೊಂಡ ಹೆಣ್ಣುಮಗಳಿಗೆ ಬಂದ ಪರಿಹಾರದಲ್ಲಿ ವಕೀಲ್ರು ಪರ್ಸೆಂಟ್ ಲೆಕ್ಕದಲ್ಲಿ ಕೇಳಿ 3 ಲಕ್ಷದ ಚೆಕ್ ಬೌನ್ಸ್ ಕೇಸ್ ಹಾಕಿದ್ರು, ಕೋರ್ಟು ಆ ಕೇಸನ್ನೇ ರದ್ದು ಮಾಡ್ತು. ನಮ್ಮ ಕಡೆ ಅಪಘಾತದ ಕೇಸು, ಭೂಸ್ವಾಧೀನದ ಕೇಸಲ್ಲೆಲ್ಲ ಪರ್ಸೆಂಟ್ ಮಾತಾಡೋದು ಎಷ್ಟು ಮಾಮೂಲಾಗಿದೆ ಅಂದ್ರೆ ಅದು ತಪ್ಪು ಅಂತಲೇ ಜನಕ್ಕೆ ಅನ್ಸಲ್ಲ. ಮೊದಲು ಕೈಲಿ ದುಡ್ಡಿಲ್ಲದವ್ರಿಗೆ ಅದು ಅನುಕೂಲ ಅನ್ಸತ್ತೆ, ನಿಜ, ಆದ್ರೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಗ್ತಾರೆ, 15100ಗೆ ಫೋನ್ ಮಾಡಿದ್ರೂ ಸಾಕು. ನಮ್ಮತ್ತೆಗೆ ಇದನ್ನ 2018ರಲ್ಲಿ ಯಾರೂ ಹೇಳ್ಲಿಲ್ಲ ಅನ್ನೋದು ನಂಗೆ ಈಗ್ಲೂ ಹೊಟ್ಟೆ ಉರಿಯತ್ತೆ.

ಇನ್ನು ಲೆಕ್ಕ. ಎರಡನೇ ಪತ್ರ ಹೋದ್ಮೇಲೆ ಅವ್ರು ಲೆಟರ್‌ಹೆಡ್ಡಲ್ಲಿ ಒಂದು ಲೆಕ್ಕ ಬರೆದು ಕಳಿಸಿದ್ರು. ದಾವೆ ಫೀಸು 1,00,000, ಎಫ್‌ಡಿಪಿ ಫೀಸು 50,000, ಕೋರ್ಟ್ ಫೀ ಮತ್ತು ಪ್ರೊಸೆಸ್ (ಸಮನ್ಸ್, ನೋಟಿಸ್ ಕಳಿಸೋ ಖರ್ಚು) 22,000, ಎರಡು ಐಎಗೆ (ಕೇಸ್ ನಡೆಯೋವಾಗ ಮಧ್ಯದಲ್ಲಿ ಹಾಕೋ ಅರ್ಜಿ) 20,000, ಟೈಪಿಂಗ್ ಜೆರಾಕ್ಸ್ ಗುಮಾಸ್ತರ ಖರ್ಚು 18,000, ಒಟ್ಟು 2,10,000, ಬಂದಿದ್ದು 30,000, ಬಾಕಿ 1,80,000. ಪರ್ಸೆಂಟ್ ಮಾತು ಕಾಗದದಲ್ಲಿ ಇರಲಿಲ್ಲ, ಬರವಣಿಗೆಗೆ ಬಂದ ಕೂಡ್ಲೇ ಅದು ಮಾಯ ಆಯ್ತು. ನಾನು ಅಕೌಂಟ್ಸ್ ಕೆಲಸದಲ್ಲಿರೋನು, ಕಾಗದ ಸಿಕ್ಕಿದ್ದೇ ಸಾಕಾಯ್ತು, ಒಂದೊಂದು ಸಾಲನ್ನೂ ಬೇರೆ ಬೇರೆ ಹಿಡ್ಕೊಂಡು ಕೂತೆ.

ದಾವೆ ಫೀಸು ಎಷ್ಟು ಅಂತ ಬರವಣಿಗೆಯಲ್ಲಿ ಒಪ್ಪಂದ ಇರಲಿಲ್ಲ. ಆದ್ರೆ ನನ್ನ ಹೆಂಡತಿ 2018ರಲ್ಲಿ ಮೊದಲನೇ ಸಲ ಫೋನ್‌ಪೇ ಮಾಡಿದಾಗ ವಾಟ್ಸಾಪಲ್ಲಿ ‘ಸಾರ್ ಒಟ್ಟು 60 ಅಂತ ಅಮ್ಮ ಹೇಳಿದ್ರು, ಈಗ 10 ಹಾಕಿದೀನಿ’ ಅಂತ ಕಳಿಸಿದ್ಲು, ಕೆಳಗೆ ಅವ್ರದ್ದು ‘ಸರಿ ಅಮ್ಮ’ ಅಂತ ಇತ್ತು. ಆರು ವರ್ಷದ ಹಿಂದಿನ ಎರಡು ಸಾಲು. ಹುಡುಕೋದಕ್ಕೆ ಒಂದು ರಾತ್ರಿ ಪೂರ್ತಿ ಹಿಡೀತು, ಅವಳು ಫೋನ್ ಬದಲಾಯಿಸಿದ್ರೂ ಚಾಟ್ ಬ್ಯಾಕಪ್ ಇಟ್ಟಿದ್ದು ನಮ್ಮ ಪುಣ್ಯ.

ಕೋರ್ಟ್ ಫೀ ಸಾಲು ನೋಡಿ ನಿಜವಾಗ್ಲೂ ಬೇಜಾರಾಯ್ತು. ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಅಂತ ಹೇಳಿ ಪಾಲು ಕೇಳೋ ದಾವೆಗೆ ಕರ್ನಾಟಕ ಕೋರ್ಟ್ ಫೀ ಕಾಯ್ದೆಯ 35(2)ರಲ್ಲಿ ಜಾಸ್ತಿ ಅಂದ್ರೆ 200 ರೂಪಾಯಿ, ಜಮೀನು ಕೋಟಿ ಬಾಳಿದ್ರೂ ಅಷ್ಟೇ. ನಕಲು ತೆಗೆಸಿದ ವಾದಪತ್ರದ ಜೊತೆಗಿದ್ದ ವ್ಯಾಲ್ಯುಯೇಷನ್ ಸ್ಲಿಪ್ಪಲ್ಲಿ ಅದೇ 200 ಇತ್ತು. ಪ್ರೊಸೆಸ್, ಪೋಸ್ಟೇಜು ಎಲ್ಲ ಧಾರಾಳವಾಗಿ ಹಿಡಿದ್ರೂ 22,000 ಎಲ್ಲಿಂದ ಬರತ್ತೆ. ಫೀಸಿಗೆ ಬಂದಿದ್ದೆಷ್ಟು ಖರ್ಚಿಗೆ ಬಂದಿದ್ದೆಷ್ಟು ಅಂತ ಬೇರೆ ಬೇರೆ ಬರೆದಿಡಬೇಕು ಅಂತ ವಕೀಲರ ನಿಯಮದಲ್ಲೇ ಇದೆ, 25, 26ನೇ ನಿಯಮ, ಕಕ್ಷಿದಾರ ಕೇಳಿದ್ರೆ ಪ್ರತಿ ಕೊಡಬೇಕು ಅನ್ನೋದು 30ನೇದು.

ನಾವು ಕೊಟ್ಟಿದ್ದು 30,000 ಅಲ್ಲ. ಫೋನ್‌ಪೇಯಲ್ಲೇ 29,000 ಹೋಗಿತ್ತು. ಉಳಿದಿದ್ದು ಅತ್ತೆ ಕೈಯಾರೆ ಕೊಟ್ಟ ನಗದು, ರಸೀತಿ ಒಂದೂ ಇಲ್ಲ. ರಸೀತಿ ಇಲ್ಲ ಅಂದ್ರೆ ಇದನ್ನ ಬಿಟ್ಟುಬಿಡೋಣ ಅಂತ ನಾನು ಹೇಳ್ತಿರುವಾಗ ಅತ್ತೆ ಎದ್ದು ಹೋಗಿ ಟ್ರಂಕಿಂದ ಆರು ವರ್ಷದ ಕ್ಯಾಲೆಂಡರ್ ತಂದು ಮುಂದೆ ಹಾಕಿದ್ರು. ಅಡಿಗೆಮನೆ ಬಾಗಿಲ ಪಕ್ಕ ತೂಗುಹಾಕ್ತಾರಲ್ಲ, ದೊಡ್ಡ ಅಂಕಿಯದ್ದು, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಏಕಾದಶಿ ಎಲ್ಲ ಗುರುತು ಮಾಡೋದು. ಅರಿಶಿನದ ಬೆರಳಿನ ಕಲೆ ಮಧ್ಯೆ ನೀಲಿ ಪೆನ್ನಲ್ಲಿ ‘ಲಾಯರ್ 2000’, ‘ಲಾಯರ್ ಜೆರಾಕ್ಸ್ 500’, ‘ಕೋರ್ಟ್ ಬಸ್ 64 ಲಾಯರ್ 1500’ ಅಂತ ಸಣ್ಣಕ್ಷರದಲ್ಲಿ. ಹನ್ನೊಂದು ಕಡೆ ಇತ್ತು, ಕೂಡಿದ್ರೆ 18,000. ನಾನು ಆರ್ಡರ್ ಶೀಟ್ ಪಕ್ಕಕ್ಕಿಟ್ಟುಕೊಂಡು ತಾರೀಕು ತಾಳೆ ನೋಡಿದೆ, ಹನ್ನೊಂದರಲ್ಲಿ ಒಂಬತ್ತು ವಾಯಿದೆ ದಿನಾನೇ. ಯಾರೋ ಈಗ ಕೂತು ಹುಟ್ಟಿಸಿ ಬರೆದ ಲೆಕ್ಕ ಅಲ್ಲ ಅಂತ ಇದಕ್ಕಿಂತ ಚೆನ್ನಾಗಿ ಹೇಳೋ ಸಾಕ್ಷಿ ನಂಗೆ ಬೇರೆ ಕಾಣ್ಲಿಲ್ಲ. ಒಟ್ಟು ಕೊಟ್ಟಿದ್ದು 47,000.

ಹಂಗಾದ್ರೆ ಎಷ್ಟು ಕೊಡಬೇಕು? ಇಲ್ಲಿ ನಾವು ನಮ್ಮ ಬಗ್ಗೆನೂ ಕಟ್ಟುನಿಟ್ಟಾಗಿರಬೇಕಿತ್ತು. ದಾವೆ ತೀರ್ಪಿನವರೆಗೆ ನಡೆಸಿಕೊಟ್ಟಿದ್ದಾರೆ, 60,000 ಪೂರ್ತಿ ಅವ್ರದ್ದು. ಎಫ್‌ಡಿಪಿ ಬೇರೆ ಕೆಲಸ ಅಂತ ಅವ್ರು, ಅದೇ ಕೇಸಿನ ಮುಂದುವರಿಕೆ ಅಂತ ಭಾವ. 2022ರಲ್ಲಿ ಕೇರಳದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟು ಪ್ರಾಥಮಿಕ ಡಿಕ್ರಿ ಆದ್ಮೇಲೆ ಬೇರೆ ಅರ್ಜಿಗೆ ಕಾಯ್ದೇ ಕೋರ್ಟೇ ಮುಂದುವರಿಸಬೇಕು ಅಂತ ಹೇಳಿದೆ, ಆದ್ರೂ ಅರ್ಜಿ ಬರೆದಿದ್ದು ಅವ್ರು, ಎರಡು ವಾಯಿದೆ ನಿಂತಿದ್ದು ಅವ್ರು, ಅದಕ್ಕೆ ಏನೂ ಇಲ್ಲ ಅನ್ನೋದು ನ್ಯಾಯ ಅಲ್ಲ. 8,000 ಹಿಡಿದ್ವಿ. ಖರ್ಚಿಗೆ 7,000. ಒಟ್ಟು 75,000, ಕೊಟ್ಟಿದ್ದು 47,000, ನಮ್ಮ ಲೆಕ್ಕದಲ್ಲೇ ನಾವು ಕೊಡಬೇಕಾದ್ದು 28,000 ಇತ್ತು.

ಈ 28,000ನ ತಕ್ಷಣ ಅವ್ರ ಅಕೌಂಟಿಗೆ ಹಾಕೋಣ ಅಂದೆ. ಮನೇಲಿ ಗಲಾಟೆ. ‘ಫೈಲೇ ಕೊಟ್ಟಿಲ್ಲ, ಚೆಕ್ ಕೊಟ್ಟಿಲ್ಲ, ದುಡ್ಡು ಯಾಕೆ ಹಾಕ್ತೀರಾ ಅಳಿಯಂದ್ರೇ, ಅದೊಂದೇ ಅಲ್ವಾ ನಮ್ಮ ಕೈಲಿರೋದು’ ಅಂದ್ರು ಅತ್ತೆ. ನಾನು ಹೇಳಿದ್ದು ಇಷ್ಟೇ, ಅತ್ತೆ, ಫೀಸಿಗೋಸ್ಕರ ಫೈಲ್ ಹಿಡ್ಕೋಬಾರ್ದು ಅಂತ ಅವ್ರಿಗೆ ಹೇಳ್ತಿದೀವಿ, ಹಂಗಿದ್ಮೇಲೆ ಫೈಲಿಗೋಸ್ಕರ ನಾವು ಫೀಸ್ ಹಿಡ್ಕೊಂಡ್ರೆ ನಮಗೂ ಅವ್ರಿಗೂ ಏನು ವ್ಯತ್ಯಾಸ. ಆಮೇಲೆ ನಾಳೆ ಇದು ಯಾರ ಮುಂದೆ ಹೋದ್ರೂ ‘ಇವ್ರು ಫೀಸ್ ಕೊಡದೇ ಓಡಿಹೋದೋರು’ ಅನ್ನೋ ಮಾತು ಬರಬಾರ್ದು. ಒಂದು ದಿನ ಮಾತಾಡ್ಲಿಲ್ಲ, ಮಾರನೇ ದಿನ ಬೆಳಿಗ್ಗೆ ಹಾಕಿ ಅಂದ್ರು. ‘ನಮ್ಮಿಬ್ಬರ ನಡುವೆ ತಕರಾರಿಲ್ಲದ ಬಾಕಿ, ಉಳಿದ ಸಾಲುಗಳ ಬಗ್ಗೆ ನನ್ನ ಆಕ್ಷೇಪಣೆ ಲಗತ್ತಿಸಿದೆ’ ಅಂತ ಒಂದು ಪತ್ರದ ಜೊತೆ ಎನ್‌ಇಎಫ್‌ಟಿ ಮಾಡಿದ್ವಿ.

ಆ ಮಧ್ಯೆ ಎಲ್ಲಿ ದೂರು ಕೊಡಬೇಕು ಅಂತ ಸಲಹೆಗಳ ಸುರಿಮಳೆ. ಆಫೀಸಲ್ಲಿ ಒಬ್ರು ಕನ್ಸ್ಯೂಮರ್ ಕೋರ್ಟಿಗೆ ಹಾಕಿ ಅಂದ್ರು, ಅದು ಆಗಲ್ಲ, 2024ರ ಮೇ 14ಕ್ಕೆ ಸುಪ್ರೀಂ ಕೋರ್ಟು ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರಲ್ಲ ಅಂತ ಹೇಳ್ಬಿಟ್ಟಿದೆ. ಪೊಲೀಸ್ ಸ್ಟೇಷನ್ನಿಗೆ ಹೋಗೋ ವಿಷಯ ಅಲ್ಲ. ಉಳಿದಿದ್ದು ರಾಜ್ಯ ವಕೀಲರ ಪರಿಷತ್ತು, ಬೆಂಗಳೂರಲ್ಲಿ ಅಂಬೇಡ್ಕರ್ ವೀಧಿಯ ಹಳೇ ಕೆಜಿಐಡಿ ಕಟ್ಟಡದಲ್ಲಿ. ವಕೀಲರ ಕಾಯ್ದೆ 1961ರ 35ನೇ ಸೆಕ್ಷನ್ ಪ್ರಕಾರ ದೂರು ಕೊಟ್ರೆ ಶಿಸ್ತು ಸಮಿತಿಗೆ ಹೋಗತ್ತೆ, ಒಂದು ವರ್ಷದಲ್ಲಿ ಮುಗೀದೇ ಇದ್ರೆ ದೆಹಲಿಗೆ, ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಹೋಗತ್ತೆ. ಛೀಮಾರಿ ಹಾಕಬಹುದು, ಪ್ರಾಕ್ಟೀಸ್ ನಿಲ್ಲಿಸಬಹುದು, ಹೆಸರೇ ತೆಗೀಬಹುದು. ಆದ್ರೆ ಅದು ಫೀಸ್ ಎಷ್ಟು ಅಂತ ಲೆಕ್ಕ ಹಾಕಿ ಕೊಡೋ ಜಾಗ ಅಲ್ಲ, ನಡತೆ ನೋಡೋ ಜಾಗ. ಫೈಲು ಮತ್ತೆ ಚೆಕ್ಕು ಕೊಡದೇ ಇರೋದಷ್ಟೇ ಅಲ್ಲಿ ನಮ್ಮ ದೂರು ಆಗಬಹುದಿತ್ತು. ವಕೀಲ್ರ ಕಡೆಯಿಂದ ನೋಡಿದ್ರೂ ಬಾಕಿ ನಿಜವಾಗಿದ್ರೆ ಸಿವಿಲ್ ದಾವೆ ಹಾಕಿ ವಸೂಲು ಮಾಡೋ ಹಕ್ಕು ಅವ್ರಿಗಿದೆ, 1926ರಷ್ಟು ಹಳೇ ಕಾಯ್ದೆಯೇ ಅದಕ್ಕಿದೆ. ದೂರನ್ನ ಅಫಿಡವಿಟ್ ಸಮೇತ ಟೈಪ್ ಮಾಡಿಸಿ ಇಟ್ವಿ, ಕಳಿಸಲಿಲ್ಲ, ಕಳಿಸ್ತೀವಿ ಅಂತ ಹೆದರಿಸೋದಕ್ಕೂ ಹೋಗ್ಲಿಲ್ಲ. ದೂರನ್ನ ಚೌಕಾಸಿಗೆ ಬಳಸಬೇಡಿ, ಕೊಡೋದಾದ್ರೆ ಕೊಡಿ ಇಲ್ಲಾಂದ್ರೆ ಸುಮ್ನಿರಿ ಅಂತ ಹೊಸ ವಕೀಲ್ರು ಖಡಾಖಂಡಿತ ಹೇಳಿದ್ರು.

28,000 ಹೋಗಿ ಹತ್ತು ದಿನಕ್ಕೆ ಹಳೇ ವಕೀಲ್ರಿಂದಲೇ ಫೋನ್ ಬಂತು. ದನಿ ಬದಲಾಗಿತ್ತು. ಅಲ್ಲಿನ ವಕೀಲರ ಸಂಘದ ಒಬ್ರು ಹಿರಿಯರ ಮುಂದೆ ಕೂರೋಣ ಅಂದ್ರು. ಶನಿವಾರ ಮಧ್ಯಾಹ್ನ ಬಾರ್ ರೂಮಲ್ಲಿ ಒಂದೂವರೆ ಗಂಟೆ ಕೂತ್ವಿ. ಆ ಹಿರಿಯರು ಯಾರ ಪರಾನೂ ಮಾತಾಡ್ಲಿಲ್ಲ, ಒಂದೊಂದು ಸಾಲಿಗೂ ‘ಇದಕ್ಕೆ ಕಾಗದ ಏನಿದೆ’ ಅಂತ ಇಬ್ರನ್ನೂ ಕೇಳ್ತಾ ಹೋದ್ರು. ವಾಟ್ಸಾಪ್ ತೋರಿಸಿದ್ವಿ, ದಾವೆ ಫೀಸು ಒಂದು ಲಕ್ಷ ಇದ್ದಿದ್ದು 60,000 ಆಯ್ತು. ವ್ಯಾಲ್ಯುಯೇಷನ್ ಸ್ಲಿಪ್ ತೋರಿಸಿದ್ವಿ, ಕೋರ್ಟ್ ಫೀ ಸಾಲು ಹೊಡೆದ್ರು, ಅದೂ ಜೆರಾಕ್ಸೂ ಎಲ್ಲ ಸೇರಿ ಖರ್ಚಿಗೆ 9,000 ಅಂದ್ರು. ತಡೆಯಾಜ್ಞೆ ಅರ್ಜಿಗೆ ಅವ್ರು ನಿಜವಾಗ್ಲೂ ಎರಡು ದಿನ ವಾದ ಮಾಡಿದ್ರು, ಆರ್ಡರ್ ಶೀಟಲ್ಲೇ ಇತ್ತು, ನಾವು ಅದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ, ಅದು ನಮ್ಮ ತಪ್ಪು, 6,000 ಒಪ್ಕೊಂಡ್ವಿ. ಎಫ್‌ಡಿಪಿ 12,000. ಒಟ್ಟು 87,000. ಕ್ಯಾಲೆಂಡರ್ ತೆಗೆದಾಗ ವಕೀಲ್ರು ಸ್ವಲ್ಪ ಹೊತ್ತು 2019ರ ಹಾಳೆ ತಿರುವಿ ಹಾಕಿದ್ರು, ಏನೂ ಹೇಳ್ಲಿಲ್ಲ, ಆಮೇಲೆ ‘ಅಮ್ಮ ಸುಳ್ಳು ಬರೆಯಲ್ಲ ಬಿಡಿ’ ಅಂದ್ರು. ಆ ಒಂದು ಮಾತಿಗೆ ಅತ್ತೆ ಕಣ್ಣಲ್ಲಿ ನೀರು ಬಂತು. 87,000ದಲ್ಲಿ 47,000 ಮತ್ತೆ 28,000 ಕಳೆದ್ರೆ 12,000. ಅಲ್ಲೇ ಫೋನ್‌ಪೇ ಮಾಡಿದ್ವಿ.

ಎದ್ದು ಬರೋ ಮುಂಚೆ ಒಂದು ಹಾಳೆಯಲ್ಲಿ ಬರೆಸಿಕೊಂಡ್ವಿ: ಈ ಕೇಸಿಗೆ ಸಂಬಂಧಪಟ್ಟಂತೆ ಫೀಸು ಖರ್ಚು ಎಲ್ಲ ಸೇರಿ 87,000 ಪೂರ್ತಿ ಸಂದಾಯ ಆಗಿದೆ, ಇನ್ನು ಬಾಕಿ ಇಲ್ಲ, ಫೈಲು ವಾಪಸ್ ಕೊಟ್ಟಿದೆ, ಚೆಕ್ ನಂಬರ್ ಇಷ್ಟು ಮತ್ತೆ ಇಷ್ಟು ವಾಪಸ್ ಕೊಟ್ಟಿದೆ. ಇಬ್ರ ಸಹಿ, ಹಿರಿಯರದ್ದು ಸಾಕ್ಷಿ ಸಹಿ. ಚೆಕ್ಕನ್ನ ಅತ್ತೆ ಕೈಲೇ ಕೊಟ್ರು, ಅವ್ರು ಅಲ್ಲೇ ನಾಲ್ಕು ಚೂರು ಮಾಡಿ ಕೈಚೀಲಕ್ಕೆ ಹಾಕ್ಕೊಂಡ್ರು. ವಂಶವೃಕ್ಷ ಸಿಕ್ತು. ಅಜ್ಜನ ಕೈಬರಹದ ಚೀಟಿ ಮಾತ್ರ ಸಿಗ್ಲಿಲ್ಲ, ಹುಡುಕಿಸ್ತೀನಿ ಅಂದಿದ್ರು, ಇವತ್ತಿನವರೆಗೂ ಬಂದಿಲ್ಲ. ಕೇಸಿಗೆ ಅದು ಬೇಕಾಗಿಲ್ಲ, ಅತ್ತೆಗೆ ಬೇಕು.

ಎಫ್‌ಡಿಪಿ ಈಗ ನಡೀತಿದೆ. ಕಂದಾಯ ಕಟ್ಟೋ ಜಮೀನಾದ್ರಿಂದ ಹೊಲ ಅಳೆದು ಹಂಚೋ ಕೆಲಸ ಸಿಪಿಸಿ 54ನೇ ಸೆಕ್ಷನ್ ಪ್ರಕಾರ ಕಂದಾಯ ಇಲಾಖೆಗೆ ಹೋಗಿದೆ, ಮನೆಗೆ ಮಾತ್ರ ಕೋರ್ಟ್ ಕಮಿಷನರ್ ಬಂದು ಅಳತೆ ತಗೊಂಡು ಹೋದ್ರು. ಹೊಸ ವಕೀಲ್ರ ಜೊತೆ ಮೊದಲನೇ ದಿನವೇ ಒಂದು ಪುಟದ ಪತ್ರ ಮಾಡ್ಕೊಂಡ್ವಿ, ಯಾವ ಹಂತದವರೆಗೆ ಎಷ್ಟು, ಖರ್ಚು ಹೆಂಗೆ, ಮಧ್ಯದಲ್ಲಿ ಬಿಟ್ರೆ ಯಾವ ಹಂತಕ್ಕೆ ಎಷ್ಟು ಹಿಡೀಬೇಕು ಅಂತ. ಪ್ರತಿ ಸಲ ದುಡ್ಡು ಕೊಟ್ಟಾಗ ಫೀಸೋ ಖರ್ಚೋ ಅಂತ ಬರೆದ ರಸೀತಿ ಕೊಡ್ತಾರೆ. ಅತ್ತೆ ಆ ರಸೀತಿನ ಫೈಲಿಗೆ ಹಾಕಿ, ಮನೆಗೆ ಬಂದು ಕ್ಯಾಲೆಂಡರಲ್ಲೂ ಬರೀತಾರೆ.